ಪಕ್ಷ ಬಿಟ್ಟು ಗೆದ್ದ ಗವರ್ನರ್: ಮೆಕ್ಸಿಕೊದ ಒಂದು ಪ್ರಕರಣ ಅಧ್ಯಯನ

2015ರ ಜೂನ್ 7ರಂದು ಮೆಕ್ಸಿಕೊದ ನ್ವೇವೊ ಲೆಯೋನ್ ರಾಜ್ಯದಲ್ಲಿ ಗವರ್ನರ್ ಚುನಾವಣೆ ನಡೆಯಿತು. ಯಾವ ಪಕ್ಷದ ಚಿಹ್ನೆಯೂ ಇಲ್ಲದೆ ನಿಂತ ಒಬ್ಬ ಮನುಷ್ಯ ಸುಮಾರು 49% ಮತ ತಗೊಂಡ. ಎರಡು ದೊಡ್ಡ ಪಕ್ಷಗಳ ಅಭ್ಯರ್ಥಿಗಳು 24% ಮತ್ತು 22%ರ ಆಸುಪಾಸಿನಲ್ಲಿ ನಿಂತರು. ಅಂದರೆ ಆ ಇಬ್ಬರ ಮತ ಕೂಡಿಸಿದರೂ ಈತನ ಮತಕ್ಕೆ ಸಮ ಆಗುತ್ತಿರಲಿಲ್ಲ. ಮೆಕ್ಸಿಕೊದ ಇಂದಿನ ಚುನಾವಣಾ ಕಾನೂನಿನ ಅಡಿಯಲ್ಲಿ ಗೆದ್ದ ಮೊದಲ ಪಕ್ಷೇತರ ಗವರ್ನರ್ ಈತ. ಏಳು ವರ್ಷ ಕಳೆಯುವಷ್ಟರಲ್ಲಿ, 2022ರ ಮಾರ್ಚ್‌ನಲ್ಲಿ, ಅದೇ ರಾಜ್ಯದ ಪೊಲೀಸರು ಈತನನ್ನು ಬಂಧಿಸಿದರು.

ಈ ಎರಡು ದಿನಾಂಕಗಳ ನಡುವೆ ತಗೊಂಡ ನಿರ್ಧಾರಗಳ ಬಗ್ಗೆ ಈ ಬರಹ. ಆತನ ಹೆಸರು ಮತ್ತು ಸುತ್ತ ಇದ್ದವರ ಹೆಸರುಗಳನ್ನು ಬೇಕಂತಲೇ ಬಿಟ್ಟಿದ್ದೇನೆ. ಎಲ್ಲವೂ ಸಾರ್ವಜನಿಕ ದಾಖಲೆಯಲ್ಲಿ ಇರುವ ಸಂಗತಿಗಳೇ, ಹುಡುಕಿದರೆ ಎರಡು ನಿಮಿಷದಲ್ಲಿ ಸಿಗುತ್ತವೆ. ಆದರೆ ಹೆಸರು ಬಂದ ತಕ್ಷಣ ಮಾತು ಮನುಷ್ಯ ಒಳ್ಳೆಯವನೋ ಕೆಟ್ಟವನೋ ಅನ್ನುವ ಕಡೆ ತಿರುಗಿಬಿಡುತ್ತೆ. ನನಗೆ ಕುತೂಹಲ ಇರುವುದು ಬೇರೆ ಕಡೆ: ಪಕ್ಷ ಇಲ್ಲದೆ ಗೆದ್ದವನಿಗೆ ಪಕ್ಷದ ಕೆಲಸ ಮಾಡಿಕೊಟ್ಟವರು ಯಾರು?

ಹಿನ್ನೆಲೆ

ಮೊದಲು ಒಂದು ಗೊಂದಲ ತಪ್ಪಿಸೋಣ. ಮೆಕ್ಸಿಕೊದ ಗವರ್ನರ್ ಅಂದರೆ ನಮ್ಮ ರಾಜಭವನದ ರಾಜ್ಯಪಾಲರ ಹಾಗಲ್ಲ. ಜನ ನೇರವಾಗಿ ಮತ ಹಾಕಿ ಆರಿಸುತ್ತಾರೆ. ಅಧಿಕಾರದ ಮಟ್ಟಿಗೆ ನಮ್ಮ ಮುಖ್ಯಮಂತ್ರಿಗೆ ಸಮ. ಆದರೆ ಒಂದು ದೊಡ್ಡ ವ್ಯತ್ಯಾಸ ಇದೆ. ನಮ್ಮಲ್ಲಿ ವಿಧಾನಸಭೆಯಲ್ಲಿ ಬಹುಮತ ಇಲ್ಲದವನು ಮುಖ್ಯಮಂತ್ರಿಯಾಗಿ ಉಳಿಯೋಕೆ ಆಗಲ್ಲ. ಅಲ್ಲಿ ಒಬ್ಬನೇ ಒಬ್ಬ ಶಾಸಕನ ಬೆಂಬಲ ಇಲ್ಲದಿದ್ದರೂ ಆರು ವರ್ಷ ಗವರ್ನರ್ ಆಗಿರಬಹುದು. ಆರು ವರ್ಷ ಆದ ಮೇಲೆ ಮತ್ತೆ ಗವರ್ನರ್ ಸ್ಥಾನಕ್ಕೆ ನಿಲ್ಲುವ ಹಾಗಿಲ್ಲ.

ನ್ವೇವೊ ಲೆಯೋನ್ ಬಡ ರಾಜ್ಯ ಅಲ್ಲ. ರಾಜಧಾನಿ ಮೊಂತೆರ್ರೇ ಅಂದರೆ ಉಕ್ಕು, ಗಾಜು, ಸಿಮೆಂಟ್, ಬಿಯರ್. ದೇಶದ ದೊಡ್ಡ ಉದ್ಯಮಿ ಮನೆತನಗಳ ಊರು. ಅಮೆರಿಕದ ಟೆಕ್ಸಾಸ್ ಗಡಿ ಹತ್ತಿರ. ಆದರೆ 2010ರಿಂದ 2012ರ ತನಕ ಮಾದಕ ವಸ್ತು ಗ್ಯಾಂಗ್‌ಗಳ ಜಗಳ ಈ ಊರನ್ನು ನಲುಗಿಸಿತು. 2011ರ ಆಗಸ್ಟ್‌ನಲ್ಲಿ ಒಂದು ಕ್ಯಾಸಿನೊಗೆ ಬೆಂಕಿ ಹಚ್ಚಿ 52 ಜನರನ್ನು ಕೊಂದರು. ಆ ಹೊತ್ತಲ್ಲಿ ರಾಜ್ಯ ಆಳುತ್ತಿದ್ದುದು 'ಪ್ರಿ' ಪಕ್ಷ. 1929ರಿಂದ 2000ದ ತನಕ ದೇಶದ ಅಧ್ಯಕ್ಷ ಸ್ಥಾನವನ್ನು ಬಿಟ್ಟುಕೊಡದ ಪಕ್ಷ ಅದು. ಈ ರಾಜ್ಯದಲ್ಲಿ ಅದರ ಮುಖ್ಯ ಎದುರಾಳಿ 'ಪಾನ್'. ಜನರಿಗೆ ಪ್ರಿ ಮೇಲೆ ಸಿಟ್ಟು ಇತ್ತು, ಪಾನ್ ಮೇಲೆ ನಂಬಿಕೆ ಇರಲಿಲ್ಲ. ಆಗಿನ ಗವರ್ನರ್ ಮತ್ತು ಆತನ ಕುಟುಂಬದ ಮೇಲೆ ಭ್ರಷ್ಟಾಚಾರದ ಮಾತು ಊರೆಲ್ಲ ಹರಡಿತ್ತು.

ನಮ್ಮ ಪ್ರಕರಣದ ನಾಯಕ ಹೊರಗಿನಿಂದ ಬಂದವನೇನಲ್ಲ. ಹಳ್ಳಿಯ ಕೃಷಿ ಕುಟುಂಬದವ, ಕೃಷಿ ಎಂಜಿನಿಯರಿಂಗ್ ಓದಿದವ. ಪ್ರಿ ಪಕ್ಷದಲ್ಲೇ ಮೂರು ದಶಕಕ್ಕೂ ಜಾಸ್ತಿ ಇದ್ದವ. ಅದರ ಟಿಕೆಟ್ ಮೇಲೆ ಸಂಸತ್ತಿಗೂ ರಾಜ್ಯದ ವಿಧಾನಸಭೆಗೂ ಹೋಗಿ ಬಂದವ. 2009ರಲ್ಲಿ ಮೊಂತೆರ್ರೇ ಪಕ್ಕದ ಗಾರ್ಸಿಯಾ ಪಟ್ಟಣದ ಮೇಯರ್ ಆದ. ಅಲ್ಲಿ ಗ್ಯಾಂಗ್‌ಗಳ ವಿರುದ್ಧ ಮಾತಾಡಿದ, ಪೊಲೀಸ್ ಪಡೆಯಲ್ಲಿ ಕೈ ಹಾಕಿದ. 2011ರಲ್ಲಿ ಎರಡು ಸಲ ಆತನ ಮೇಲೆ ಗುಂಡಿನ ದಾಳಿ ಆಯಿತು, ಎರಡು ಸಲವೂ ಬದುಕಿ ಬಂದ. ಕೌಬಾಯ್ ಬೂಟು, ಟೋಪಿ, ಕುದುರೆ ಸವಾರಿ, ಒರಟು ಮಾತು. ಉತ್ತರ ಮೆಕ್ಸಿಕೊದ ಜನಕ್ಕೆ ಇವೆಲ್ಲ 'ನಮ್ಮವನು' ಅನ್ನಿಸುವ ಗುರುತುಗಳು.

ಮೊದಲ ತಿರುವು: ಬಂಡಾಯ

2014ರಲ್ಲಿ ಆತ ಪ್ರಿ ಬಿಟ್ಟ. ಗವರ್ನರ್ ಟಿಕೆಟ್ ತನಗೆ ಸಿಗಲ್ಲ ಅಂತ ಗೊತ್ತಾದ್ದರಿಂದಲೇ ಬಿಟ್ಟ ಅನ್ನುವುದು ಅಲ್ಲಿನ ಸಾಮಾನ್ಯ ಅಭಿಪ್ರಾಯ. ನಮ್ಮ ಕಡೆ ಇಂಥವರನ್ನು ಬಂಡಾಯ ಅಭ್ಯರ್ಥಿ ಅಂತೀವಿ. ಪ್ರತಿ ಚುನಾವಣೆಯಲ್ಲೂ ಡಜನ್ ಲೆಕ್ಕದಲ್ಲಿ ಇರುತ್ತಾರೆ, ಅಲ್ವಾ? ಮೆಕ್ಸಿಕೊದಲ್ಲಿ ಆ ತನಕ ಅದು ಆಗುವ ಮಾತಾಗಿರಲಿಲ್ಲ. ದಶಕಗಳ ಕಾಲ ನಾಮಪತ್ರ ಹಾಕೋಕೆ ಪಕ್ಷವೇ ಬೇಕಿತ್ತು. 2012ರ ಸಂವಿಧಾನ ತಿದ್ದುಪಡಿ ಪಕ್ಷೇತರರಿಗೆ ಬಾಗಿಲು ತೆಗೆಯಿತು. 2014ರ ಚುನಾವಣಾ ಕಾನೂನು ಅದಕ್ಕೆ ವಿಧಿವಿಧಾನ ಬರೆಯಿತು. ಆತ ಹೊರಬಂದ ಹೊತ್ತು ಸರಿಯಾಗಿ ಅದೇ.

ಬಾಗಿಲು ತೆರೆದಿತ್ತು, ಆದರೆ ಕಿರಿದಾಗಿತ್ತು. ರಾಜ್ಯದ ಮತದಾರರ ಪಟ್ಟಿಯ 3%, ಅಂದರೆ ಒಂದು ಲಕ್ಷಕ್ಕೂ ಜಾಸ್ತಿ ಜನರ ಸಹಿ ತರಬೇಕು. ಅದು ದಾಟಿದರೂ ಟಿವಿ ಸಿಗಲ್ಲ. ಮೆಕ್ಸಿಕೊದಲ್ಲಿ ಚುನಾವಣೆ ಜಾಹೀರಾತಿಗೆ ಟಿವಿ, ರೇಡಿಯೊ ಸಮಯವನ್ನು ಯಾರೂ ದುಡ್ಡು ಕೊಟ್ಟು ಕೊಳ್ಳುವ ಹಾಗಿಲ್ಲ. ರಾಷ್ಟ್ರೀಯ ಚುನಾವಣಾ ಸಂಸ್ಥೆಯೇ ಹಂಚುತ್ತೆ. ಅದರ 70% ಪಾಲು ಪಕ್ಷಗಳ ಹಿಂದಿನ ಮತದ ಲೆಕ್ಕದಲ್ಲಿ ಹೋಗುತ್ತೆ. ಉಳಿದ 30%ರಲ್ಲಿ ಪಕ್ಷೇತರರೆಲ್ಲ ಸೇರಿ ಒಂದು ಹೊಸ ಪಕ್ಷದಷ್ಟು ಪಾಲು ಹಂಚಿಕೊಳ್ಳಬೇಕು. ಸರ್ಕಾರಿ ಪ್ರಚಾರ ನಿಧಿಯ ಕಥೆಯೂ ಇಷ್ಟೇ.

ಟಿವಿ ಇಲ್ಲದ್ದನ್ನೇ ಆತ ಬಂಡವಾಳ ಮಾಡಿಕೊಂಡ. ಫೇಸ್‌ಬುಕ್, ವಾಟ್ಸಾಪ್, ಸಣ್ಣ ಸಣ್ಣ ವಿಡಿಯೊ. ದೊಡ್ಡ ಚಾನೆಲ್‌ಗಳು ಪಕ್ಷಗಳ ಜೇಬಲ್ಲಿವೆ, ನೀವೇ ನನ್ನ ಚಾನೆಲ್ ಅನ್ನುವ ಧಾಟಿ. ಕೊನೆಯ ವಾರಗಳಲ್ಲಿ ಮತ್ತೊಂದು ಅನುಕೂಲ ಆಯಿತು. ಸಣ್ಣ ಪಕ್ಷವೊಂದರ ಅಭ್ಯರ್ಥಿ, ಹಿಂದೆ ಸ್ವಲ್ಪ ಕಾಲ ಗವರ್ನರ್ ಆಗಿದ್ದ ಗೌರವಸ್ಥ, ಕಣದಿಂದ ಹಿಂದೆ ಸರಿದು ಈತನಿಗೆ ಬೆಂಬಲ ಕೊಟ್ಟ. ಒರಟನ ಪಕ್ಕ ಸಭ್ಯ ಮನುಷ್ಯ ನಿಂತ ಮೇಲೆ ಮಧ್ಯಮ ವರ್ಗಕ್ಕೂ ಉದ್ಯಮಿಗಳಿಗೂ ಧೈರ್ಯ ಬಂತು.

ಪ್ರಚಾರದಲ್ಲಿ ಎರಡು ಭರವಸೆ ಎದ್ದು ಕಾಣುತ್ತಿದ್ದವು. ಹಿಂದಿನ ಗವರ್ನರ್‌ನನ್ನು ಕಾನೂನಿನ ಮುಂದೆ ನಿಲ್ಲಿಸ್ತೀನಿ. ವಾಹನ ತೆರಿಗೆ ತೆಗೀತೀನಿ. ನೆನಪಿಟ್ಟುಕೊಳ್ಳಿ, ಎರಡೂ ಗವರ್ನರ್ ಒಬ್ಬನ ಕೈಯಲ್ಲಿ ಇದ್ದವಲ್ಲ. ಒಂದಕ್ಕೆ ನ್ಯಾಯಾಲಯ ಬೇಕು. ಇನ್ನೊಂದಕ್ಕೆ ವಿಧಾನಸಭೆ ಬೇಕು, ಖಜಾನೆಯಲ್ಲಿ ದುಡ್ಡೂ ಬೇಕು.

ಸಮಸ್ಯೆ: ಗೆದ್ದ ಮಾರನೇ ದಿನ

2015ರ ಅಕ್ಟೋಬರ್‌ನಲ್ಲಿ ಅಧಿಕಾರ ವಹಿಸಿಕೊಂಡ. ವಿಧಾನಸಭೆಯಲ್ಲಿ 42 ಕುರ್ಚಿ, ಅದರಲ್ಲಿ ಬಹುಪಾಲು ಪಾನ್ ಮತ್ತು ಪ್ರಿ ಕೈಯಲ್ಲಿ. ಗವರ್ನರ್ ಹೆಸರು ಹೇಳಿ ಗೆದ್ದು ಬಂದ ಶಾಸಕರ ಗುಂಪು ಅಂತ ಒಂದು ಇರಲಿಲ್ಲ. ಆತ ತನ್ನ ಜೊತೆ ಪಟ್ಟಿ ಕಟ್ಟಿಕೊಂಡು ನಿಂತಿರಲಿಲ್ಲವಲ್ಲ. ರಾಜ್ಯದ ಖರ್ಚಿನ ಬಹುಪಾಲು ದುಡ್ಡು ಕೇಂದ್ರದಿಂದ ಬರಬೇಕು. ಕೇಂದ್ರದಲ್ಲಿ ಆಗ ಪ್ರಿ ಅಧ್ಯಕ್ಷ. ಮೇಲಿಂದ ರಾಜ್ಯದ ತಲೆ ಮೇಲೆ ಭಾರಿ ಸಾಲ.

ಪಕ್ಷ ಅಂದರೆ ನಮಗೆ ಕಾಣುವುದು ಬಾವುಟ, ಭಾಷಣ, ಜಗಳ. ಒಳಗೆ ಅದು ಮಾಡುವ ಬೇಸರದ ಕೆಲಸಗಳು ಕಾಣಲ್ಲ. ಬಜೆಟ್ ದಿನ ಯಾರು ಹಾಜರಿರಬೇಕು ಅಂತ ಫೋನ್ ಮಾಡುವವರು ಬೇಕು. ಸಿಟ್ಟಾದ ಶಾಸಕನನ್ನು ಕೂರಿಸಿ ಮಾತಾಡುವವರು ಬೇಕು. ಮಂತ್ರಿ ಹುದ್ದೆಗೆ ಇವನು ಬೇಡ, ಹಳೇ ಕೇಸಿದೆ ಅಂತ ಕಿವಿಯಲ್ಲಿ ಹೇಳುವವರು ಬೇಕು. ಹಳ್ಳಿ ಹಳ್ಳಿಯಲ್ಲಿ ಕಾರ್ಯಕರ್ತರು ಬೇಕು. ನಾಯಕ ಹದ್ದು ಮೀರಿದಾಗ ಸಾಕು ಮಾರಾಯ ಅನ್ನುವ ಹಿರಿಯರೂ ಬೇಕು. ಈ ಗವರ್ನರ್ ಪಕ್ಷವನ್ನು ಬಿಟ್ಟ, ಸರಿ. ಆದರೆ ಆ ಕೆಲಸಗಳು ಇದ್ದಲ್ಲೇ ಇದ್ದವು. ಮಾಡುವವರು ಮಾತ್ರ ಇರಲಿಲ್ಲ.

ಏನೇನು ಮಾಡಿ ನೋಡಿದ

ಮೊದಲಿಗೆ ಕೆಲಸ ಆದದ್ದನ್ನೇ ಹೇಳುತ್ತೇನೆ. ಹಿಂದಿನ ಸರ್ಕಾರ ಕೊರಿಯಾದ ಕಿಯಾ ಕಾರು ಕಂಪನಿಗೆ ಕಾರ್ಖಾನೆ ಹಾಕಲು ಭಾರಿ ರಿಯಾಯಿತಿ ಬರೆದುಕೊಟ್ಟಿತ್ತು. (ಪೆನುಕೊಂಡದ ಹತ್ತಿರ, ನಮ್ಮ ಗಡಿಗೆ ಅಂಟಿದ ಹಾಗೆ ಕಾರ್ಖಾನೆ ಇಟ್ಟಿರುವ ಕಂಪನಿಯೇ.) ರಾಜ್ಯದ ಕಾನೂನು ಇಷ್ಟಕ್ಕೆ ಒಪ್ಪಲ್ಲ ಅಂತ ಹೊಸ ಗವರ್ನರ್ ಪಟ್ಟು ಹಿಡಿದ. ತಿಂಗಳುಗಟ್ಟಲೆ ಎಳೆದಾಡಿ, 2016ರಲ್ಲಿ ರಿಯಾಯಿತಿಯನ್ನು ಹೂಡಿಕೆಯ 10.5%ಗೆ ಇಳಿಸಿದ ಹೊಸ ಒಪ್ಪಂದಕ್ಕೆ ಸಹಿ ಬಿತ್ತು. ಕಂಪನಿ ಓಡಿಹೋಗಲಿಲ್ಲ, ಕಾರ್ಖಾನೆ ಶುರುವಾಯಿತು. ಗಮನಿಸಬೇಕಾದ್ದು, ಇಲ್ಲಿ ಎದುರಿಗೆ ಇದ್ದದ್ದು ಒಂದೇ ಕಂಪನಿ. ಕಾರ್ಯಾಂಗದ ಕೈಯಲ್ಲೇ ಇದ್ದ ವಿಷಯ. ಹಟ ಇದ್ದರೆ ಸಾಕಾಗುತ್ತಿತ್ತು, ಆತನಲ್ಲಿ ಅದು ಬೇಕಾದಷ್ಟು ಇತ್ತು.

ಹಟದಿಂದ ಆಗದ ಕಡೆ ಕಥೆ ಬೇರೆ. ಭ್ರಷ್ಟಾಚಾರ ತನಿಖೆಗೆ ವಿಶೇಷ ಅಧಿಕಾರಿಯನ್ನು ನೇಮಿಸಿದ. ಕೇಸು ಹಾಕಿದ್ದಾಯಿತು. 2017ರ ಜನವರಿಯಲ್ಲಿ ಹಿಂದಿನ ಗವರ್ನರ್ ಜೈಲಿನ ಒಳಗೆ ಹೋದದ್ದೂ ಆಯಿತು. ಆದರೆ ಒಂದು ದಿನ ಪೂರ್ತಿ ಆಗುವ ಮೊದಲೇ ನ್ಯಾಯಾಲಯದ ರಕ್ಷಣೆ ಪಡೆದು ಹೊರಬಂದ. ಜನ ಕಾಯುತ್ತಿದ್ದದ್ದು ದೊಡ್ಡ ತೀರ್ಪಿಗೆ, ಅವರಿಗೆ ಸಿಕ್ಕಿದ್ದು ಒಂದು ಫೋಟೊ. ವಾಹನ ತೆರಿಗೆ ವಿಷಯದಲ್ಲೂ ಹೀಗೇ. ಒಂದೇ ಏಟಿಗೆ ತೆಗೆಯುವುದು ಕಷ್ಟ, ಹಂತ ಹಂತವಾಗಿ ಇಳಿಸ್ತೀವಿ ಅಂತ ಮಾತು ಬದಲಾಯಿತು. ಖಜಾನೆ ನೋಡಿದ ಮೇಲೆ ಯಾರಾದರೂ ಹಾಗೇ ಹೇಳುತ್ತಿದ್ದರೇನೋ. ಆದರೆ ಉಳಿದ ರಾಜಕಾರಣಿಗಳ ಥರ ಅಲ್ಲ ನಾನು ಅಂತ ಗೆದ್ದವನಿಗೆ ಈ ಮಾತಿನ ಬೆಲೆ ಜಾಸ್ತಿ ಬೀಳುತ್ತೆ.

2016ರ ಫೆಬ್ರವರಿ 11ರ ನಸುಕಿನಲ್ಲಿ ಮೊಂತೆರ್ರೇಯ ತೋಪೋ ಚೀಕೋ ಜೈಲಿನಲ್ಲಿ ಗ್ಯಾಂಗ್‌ಗಳ ನಡುವೆ ಹೊಡೆದಾಟ ಆಗಿ 49 ಕೈದಿಗಳು ಸತ್ತರು. ಮಾರನೇ ದಿನ ಪೋಪ್ ಮೆಕ್ಸಿಕೊಗೆ ಬರುವುದಿತ್ತು, ಜಗತ್ತಿನ ಕ್ಯಾಮೆರಾಗಳೆಲ್ಲ ಆ ದೇಶದ ಕಡೆ ತಿರುಗಿದ್ದವು. ಆಮೇಲೆ ಜೈಲಿನೊಳಗೆ ತಪಾಸಣೆ ಮಾಡಿದಾಗ ಗ್ಯಾಂಗ್ ನಾಯಕರ ಐಷಾರಾಮಿ ಕೋಣೆಗಳು, ಸೌನಾ ಕೂಡ ಸಿಕ್ಕವು. ಈ ಕೊಳೆ ಒಂದೆರಡು ತಿಂಗಳಲ್ಲಿ ಆದದ್ದಲ್ಲ, ಹಿಂದಿನವರ ಕಾಲದಿಂದ ಬಂದದ್ದು. ಆದರೂ ಕುರ್ಚಿಯಲ್ಲಿ ಕೂತವನು ಉತ್ತರ ಕೊಡಬೇಕು. 2019ರಲ್ಲಿ ಆ ಜೈಲನ್ನು ಮುಚ್ಚಿಸಿದ್ದು ಇದೇ ಗವರ್ನರ್ ಅನ್ನುವುದನ್ನೂ ಹೇಳಲೇಬೇಕು. ನನ್ನ ಮಟ್ಟಿಗೆ ಆ ಆರು ವರ್ಷದಲ್ಲಿ ಉಳಿಯುವಂಥ ಕೆಲಸ ಅದು. ಹೊರಗೆ ಅದರ ಬಗ್ಗೆ ಮಾತಾಡುವವರೇ ಕಮ್ಮಿ.

ಅದೇ 2016ರಲ್ಲಿ ಕಂಬಳಿ ಹಗರಣ. ಚಳಿಗಾಲದಲ್ಲಿ ಬಡವರಿಗೆ ಹಂಚಲು ಸರ್ಕಾರ 2 ಲಕ್ಷ ಕಂಬಳಿ ಕೊಂಡಿತ್ತು, ಸುಮಾರು 3 ಕೋಟಿ ಪೆಸೊ ಲೆಕ್ಕ. ಕೊಟ್ಟ ಕಂಪನಿ ಯಾವುದು, ಕಂಬಳಿ ಎಲ್ಲಿಗೆ ಹೋಯಿತು ಅಂತ ಪತ್ರಿಕೆಗಳು ಕೇಳಿದವು. ಗವರ್ನರ್ ಜೇಬಿಗೆ ದುಡ್ಡು ಹೋಯಿತು ಅಂತ ನಾನು ಹೇಳುತ್ತಿಲ್ಲ. ಆದರೆ ಕಳ್ಳರನ್ನು ಹಿಡಿಯೋಕೆ ಬಂದ ಸರ್ಕಾರದ ಒಳಗೇ ತನಿಖೆ ಶುರುವಾಗಿದ್ದು ಹೆಸರು ಕೆಡಿಸಲು ಸಾಕಿತ್ತು. ಜೊತೆಗೆ ಆಡಬಾರದ ಮಾತುಗಳು. ಹದಿಹರೆಯದ ಹುಡುಗಿಯರ ಗರ್ಭಧಾರಣೆ ಬಗ್ಗೆ ಆತ ಆಡಿದ ಒಂದು ಮಾತಿಗೆ ದೇಶವೇ ಉಗಿಯಿತು. ಒರಟುತನ ಪ್ರಚಾರದಲ್ಲಿ ಆಸ್ತಿ ಆಗಿತ್ತು, ಕಚೇರಿಯಲ್ಲಿ ಅದೇ ಹೊರೆ ಆಯಿತು.

ಎರಡನೇ ತಿರುವು: ಸಹಿಗಳು

ಇಷ್ಟೆಲ್ಲ ಆದ ಮೇಲೂ ಆತನ ಮುಂದೆ ಎರಡು ದಾರಿ ಇದ್ದವು. ಒಂದು, ರಾಜ್ಯದಲ್ಲೇ ಕೂತು ಉಳಿದ ಅವಧಿಯಲ್ಲಿ 2018ರ ವಿಧಾನಸಭೆ ಚುನಾವಣೆಗೆ ಪಕ್ಷೇತರರ ಒಂದು ತಂಡ ಕಟ್ಟುವುದು. ಇನ್ನೊಂದು, ದೇಶದ ಅಧ್ಯಕ್ಷ ಸ್ಥಾನಕ್ಕೆ ನಿಲ್ಲುವುದು. ಆತ ಎರಡನೆಯದನ್ನು ಆರಿಸಿದ. 2018ರ ಜನವರಿ 1ರಿಂದ ರಜೆ ಹಾಕಿದ. ಆತನದೇ ಸರ್ಕಾರದ ಕಾರ್ಯದರ್ಶಿ ಹಂಗಾಮಿ ಗವರ್ನರ್ ಆದ.

ಅಧ್ಯಕ್ಷ ಸ್ಥಾನಕ್ಕೆ ಪಕ್ಷೇತರನಾಗಿ ನಿಲ್ಲಲು ಮತದಾರರ ಪಟ್ಟಿಯ 1%, ಅಂದರೆ 8,66,593 ಜನರ ಬೆಂಬಲ ಬೇಕಿತ್ತು. ಅದೂ ಕನಿಷ್ಠ 17 ರಾಜ್ಯಗಳಲ್ಲಿ ಹರಡಿರಬೇಕು. ಈ ಸಲ ಕಾಗದದಲ್ಲಿ ಅಲ್ಲ, ಚುನಾವಣಾ ಸಂಸ್ಥೆ ಮಾಡಿಸಿದ ಮೊಬೈಲ್ ಆ್ಯಪ್‌ನಲ್ಲಿ. ಅದು ಹೇಗೆ ನಡೆಯುತ್ತಿತ್ತು ಅಂತ ಸ್ವಲ್ಪ ಹತ್ತಿರದಿಂದ ನೋಡಬೇಕು. ಅಭ್ಯರ್ಥಿಯ ಪರವಾಗಿ ನೋಂದಾಯಿಸಿಕೊಂಡ ಸಹಾಯಕ ತನ್ನ ಫೋನ್ ಹಿಡಿದು ಬರುತ್ತಾನೆ. ನಿಮ್ಮ ಮತದಾರರ ಗುರುತಿನ ಚೀಟಿಯ ಮುಂಭಾಗದ ಫೋಟೊ ತೆಗೆಯುತ್ತಾನೆ, ತಿರುಗಿಸಿ ಹಿಂಭಾಗದ ಫೋಟೊ ತೆಗೆಯುತ್ತಾನೆ. ಆಮೇಲೆ ನೀವು ಬೆರಳಿಂದ ಪರದೆಯ ಮೇಲೆ ಸಹಿ ಗೀಚುತ್ತೀರಿ. ಅಷ್ಟೂ ಚುನಾವಣಾ ಸಂಸ್ಥೆಯ ಸರ್ವರ್‌ಗೆ ಹೋಗುತ್ತೆ. ಮೊದಲ ಹಂತದಲ್ಲಿ ಕಂಪ್ಯೂಟರ್ ನೋಡುವುದು ಈ ಹೆಸರು ಮತದಾರರ ಪಟ್ಟಿಯಲ್ಲಿ ಇದೆಯಾ ಅಂತ. ಇದ್ದರೆ ಲೆಕ್ಕಕ್ಕೆ ಸೇರುತ್ತೆ. ಫೋಟೊದಲ್ಲಿ ಇರುವುದು ನಿಜವಾದ ಚೀಟಿಯೋ ಅಲ್ಲವೋ ಅಂತ ಕಣ್ಣಿಂದ ನೋಡುವುದು ಆಮೇಲಿನ ಕೆಲಸ.

ಒಬ್ಬ ಮನುಷ್ಯನನ್ನು ನಿಲ್ಲಿಸಿ ಇದನ್ನೆಲ್ಲ ಮಾಡಲು ನಾಲ್ಕೈದು ನಿಮಿಷ ಹಿಡಿಯುತ್ತೆ ಅಂದುಕೊಳ್ಳಿ. ಚೀಟಿ ಮನೆಯಲ್ಲಿದೆ ಅನ್ನುವವರು, ಫೋಟೊ ಬೇಡ ಅನ್ನುವವರು, ನೆಟ್‌ವರ್ಕ್ ಇಲ್ಲದ ಹಳ್ಳಿಗಳು. ಪಕ್ಷ ಇದ್ದವರಿಗೆ ಇದು ಬೇಡವೇ ಬೇಡ, ಅವರಿಗೆ ಸಹಿಯ ಶರತ್ತೇ ಇಲ್ಲ. ಪಕ್ಷ ಬೇಡ ಅಂದವನಿಗೇ ಸಾವಿರಾರು ಕಾರ್ಯಕರ್ತರು ಬೇಕು. ತಮಾಷೆ ಅನ್ನಿಸುತ್ತೆ, ಆದರೆ ಕಾನೂನು ಇದ್ದದ್ದೇ ಹಾಗೆ.

ಆತನ ಕಡೆಯವರು ಸಲ್ಲಿಸಿದ ಸಹಿ 20 ಲಕ್ಷದ ಮೇಲೆ. ಮೊದಲ ಎಣಿಕೆಯಲ್ಲಿ ಆರಾಮಾಗಿ ದಾಟಿದ ಹಾಗೆ ಕಂಡಿತು. ಕಣ್ಣಿಂದ ನೋಡುವ ಪರಿಶೀಲನೆ ಶುರುವಾದಾಗ ಬಣ್ಣ ಬಯಲಾಯಿತು. ಒಂದೂವರೆ ಲಕ್ಷಕ್ಕೂ ಜಾಸ್ತಿ ಕಡೆ ಚೀಟಿಯ ಬದಲು ಅದರ ಜೆರಾಕ್ಸ್ ಪ್ರತಿಯ ಫೋಟೊ. 2 ಲಕ್ಷಕ್ಕೂ ಜಾಸ್ತಿ ಕಡೆ ಚೀಟಿಯ ಥರ ಕಾಣುವ ಹಾಗೆ ಮಾಡಿದ ನಕಲಿ ಅಚ್ಚು, ಒಳಗೆ ಹೆಸರು ಮತ್ತು ಸಂಖ್ಯೆ ಮಾತ್ರ ಬೇರೆ ಬೇರೆ. ಒಂದೇ ಬೆಂಬಲವನ್ನು ಎರಡೆರಡು ಸಲ ಕಳಿಸಿದ್ದೂ ರಾಶಿ ರಾಶಿ. ಎಲ್ಲ ಕಳೆದು ಚುನಾವಣಾ ಸಂಸ್ಥೆ ಒಪ್ಪಿದ್ದು ಸುಮಾರು 8.5 ಲಕ್ಷ. ಬೇಕಾದದ್ದಕ್ಕೆ ಸುಮಾರು 16 ಸಾವಿರ ಕಮ್ಮಿ. ಅಭ್ಯರ್ಥಿತನ ಕೊಡಲ್ಲ ಅಂತ 2018ರ ಮಾರ್ಚ್‌ನಲ್ಲಿ ಹೇಳಿಬಿಟ್ಟಿತು.

ಅವತ್ತಿನ ಸುದ್ದಿ ಇಷ್ಟೇ ಆಗಿತ್ತು. ನಿಜವಾದ ಪೆಟ್ಟು ಬಿದ್ದದ್ದು ಇನ್ನೊಂದು ಪ್ರಶ್ನೆಯಿಂದ: ಸಹಿ ಎತ್ತಿದ ಸಹಾಯಕರು ಯಾರು? ಪಟ್ಟಿ ತೆಗೆದು ನೋಡಿದರೆ, ಅದರಲ್ಲಿ ರಾಜ್ಯ ಸರ್ಕಾರದ ನೌಕರರು 500ಕ್ಕೂ ಜಾಸ್ತಿ. ಕಚೇರಿ ವೇಳೆಯಲ್ಲೇ ಸಹಿ ಕಳಿಸಿದ್ದು ಆ್ಯಪ್‌ನ ಸಮಯದ ಮುದ್ರೆಯಲ್ಲಿ ದಾಖಲಾಗಿತ್ತು. ಕಾಗದದ ಸಹಿ ಆಗಿದ್ದರೆ ಯಾವ ದಿನ, ಎಷ್ಟು ಗಂಟೆಗೆ ಅಂತ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಚುನಾವಣಾ ನ್ಯಾಯಮಂಡಳಿಯ ವಿಶೇಷ ಪೀಠ ಇದನ್ನು ಸರ್ಕಾರಿ ಸಂಪನ್ಮೂಲದ ದುರ್ಬಳಕೆ ಅಂತ ತೀರ್ಪು ಕೊಟ್ಟಿತು.

ಪ್ರಕರಣದ ತಿರುಳು ಇದು ಅಂತ ನನ್ನ ಅಭಿಪ್ರಾಯ. ಪಕ್ಷದ ಕಾರ್ಯಕರ್ತರು ಮಾಡಬೇಕಾದ ಕೆಲಸ ಇತ್ತು, ಪಕ್ಷ ಇರಲಿಲ್ಲ. ಕೈಗೆ ಸಿಗುವ ಹಾಗಿದ್ದ ದೊಡ್ಡ ಸಂಘಟನೆ ಒಂದೇ, ರಾಜ್ಯ ಸರ್ಕಾರ. ಅಲ್ಲಿ ಸಂಬಳ ತಗೊಳ್ಳುವವರು ಆ ಖಾಲಿ ಜಾಗಕ್ಕೆ ಬಂದರು. ಮೇಲಿಂದ ಆಜ್ಞೆ ಬಂತೋ, ಕೆಳಗಿನವರು ಸಾಹೇಬರನ್ನು ಖುಷಿ ಪಡಿಸಲು ತಾವೇ ಮುಂದಾದರೋ, ಅದು ನ್ಯಾಯಾಲಯದ ಮಾತು. ಆತ ಆರೋಪ ಒಪ್ಪಲಿಲ್ಲ. ಆದರೆ ಹಳೇ ಪ್ರಿ ಪಕ್ಷದ ಮೇಲೆ ಜನರಿಗೆ ಇದ್ದ ಮುಖ್ಯ ದೂರು ಇದೇ ಆಗಿತ್ತು: ಸರ್ಕಾರ ಯಾವುದು, ಪಕ್ಷ ಯಾವುದು ಅಂತ ಗೊತ್ತಾಗಲ್ಲ ಅನ್ನುವುದು. ಅದನ್ನೇ ಬೈದು ಗೆದ್ದವನ ಮೇಲೆ ಅದೇ ದೂರು ಬಂದು ಕೂತಿತು.

ಮತಪತ್ರದ ಮೇಲೆ, ಆಮೇಲೆ ಜೈಲಿಗೆ

2018ರ ಏಪ್ರಿಲ್ 9ರಂದು ಇನ್ನೊಂದು ಅಚ್ಚರಿ. ಚುನಾವಣಾ ನ್ಯಾಯಮಂಡಳಿಯ ಮೇಲಿನ ಪೀಠ 4-3ರ ಬಹುಮತದಲ್ಲಿ ಆತನ ಹೆಸರನ್ನು ಮತಪತ್ರಕ್ಕೆ ಸೇರಿಸಿ ಅಂತ ಆದೇಶ ಕೊಟ್ಟಿತು. ತಿರಸ್ಕರಿಸಿದ ಸಹಿಗಳನ್ನು ನೋಡಿ ವಾದ ಮಾಡಲು ಸರಿಯಾದ ಅವಕಾಶ ಸಿಕ್ಕಿಲ್ಲ ಅನ್ನುವುದು ಕಾರಣ. ಹಾಗಾದರೆ ಅವಕಾಶ ಕೊಟ್ಟು ಮತ್ತೆ ಎಣಿಸಿ ಅನ್ನಬಹುದಿತ್ತಲ್ಲ, ನೇರ ಕಣಕ್ಕೆ ಇಳಿಸಿದ್ದು ಯಾಕೆ ಅಂತ ದೇಶದಲ್ಲಿ ದೊಡ್ಡ ಚರ್ಚೆ ಆಯಿತು. ನನಗೂ ಆ ತರ್ಕ ಇವತ್ತಿಗೂ ಗಂಟಲಲ್ಲಿ ಇಳಿಯಲ್ಲ.

ಏಪ್ರಿಲ್ 22ರ ಟಿವಿ ಚರ್ಚೆಯಲ್ಲಿ, ಕದಿಯುವ ಸರ್ಕಾರಿ ನೌಕರರ ಕೈ ಕತ್ತರಿಸಬೇಕು ಅಂತ ಆತ ಹೇಳಿದ. ಸುಮ್ನೆ ಮಾತಿಗೆ ಹೇಳುತ್ತಿದ್ದೀರಾ ಅಂತ ನಿರೂಪಕಿ ಕೇಳಿದರೆ, ಅಲ್ಲ, ನಿಜವಾಗಿಯೇ ಅಂದ. ಮಾರನೇ ದಿನ ಊರೆಲ್ಲ ಅದರದೇ ಮೀಮ್. ಜುಲೈ 1ರಂದು ದೇಶದಲ್ಲಿ ಸಿಕ್ಕಿದ್ದು ಸುಮಾರು 5% ಮತ. ಗವರ್ನರ್ ಆಗಿದ್ದ ತನ್ನದೇ ರಾಜ್ಯದಲ್ಲೂ ಗೆಲ್ಲಲಿಲ್ಲ. ಮೂರು ವರ್ಷದ ಹಿಂದೆ ಅರ್ಧ ರಾಜ್ಯ ಆತನ ಹಿಂದೆ ಇತ್ತು.

ವಾಪಸ್ ಬಂದು ಕುರ್ಚಿಯಲ್ಲಿ ಕೂತ. ಆದರೆ ಆ ಸಹಿಗಳ ಕೇಸು ಬಿಡಲಿಲ್ಲ. ಗವರ್ನರ್ ಮೇಲೆ ಇನ್ನೊಬ್ಬ ಅಧಿಕಾರಿ ಇಲ್ಲದ್ದರಿಂದ, ಶಿಕ್ಷೆ ಏನು ಅಂತ ನಿರ್ಧರಿಸುವ ಕೆಲಸ ಬಂದದ್ದು ವಿಧಾನಸಭೆಗೆ. ಎದುರಾಳಿ ಪಕ್ಷಗಳೇ ತುಂಬಿದ್ದ ಸಭೆಗೆ! ಇತ್ತ ಅವರು ಶಿಕ್ಷೆ ಕೊಡಲು ನೋಡಿದರು, ಅತ್ತ ಆತ ನ್ಯಾಯಾಲಯಕ್ಕೆ ಹೋದ. ವರ್ಷಗಳು ಹಾಗೇ ಕಳೆದವು. 2021ರ ಅಕ್ಟೋಬರ್‌ನಲ್ಲಿ ಅವಧಿ ಮುಗಿಯಿತು. ಮುಂದಿನ ಮಾರ್ಚ್ 15ರಂದು ಬಂಧನ, ಆರೋಪ ಅದೇ: ಸಹಿ ಸಂಗ್ರಹಕ್ಕೆ ಸರ್ಕಾರಿ ಸಂಪನ್ಮೂಲ ಬಳಸಿದ್ದು. ಕೆಲವು ತಿಂಗಳು ಅಪೊದಾಕಾ ಜೈಲಿನಲ್ಲಿದ್ದು, ಆರೋಗ್ಯ ಕೆಟ್ಟು, ಆಮೇಲೆ ಗೃಹಬಂಧನಕ್ಕೆ ಬಂದ.

ಓದಿ ತಿಳಿಯಬೇಕಾದ್ದು

ಈ ಪ್ರಕರಣವನ್ನು ಒಬ್ಬ ಒರಟ ಎಡವಿದ ಕಥೆ ಅಂತ ಓದಿದರೆ ಅರ್ಧ ಕೈ ಬಿಟ್ಟ ಹಾಗೆ. ಅದೇ ಹೊತ್ತಿನ ಇನ್ನಿಬ್ಬರನ್ನು ಪಕ್ಕದಲ್ಲಿ ಇಟ್ಟು ನೋಡಿ.

2018ರಲ್ಲೇ ಅಧ್ಯಕ್ಷ ಸ್ಥಾನಕ್ಕೆ ಸಹಿ ಎತ್ತಿದವರಲ್ಲಿ ಒಬ್ಬ ಮೂಲನಿವಾಸಿ ಮಹಿಳೆ ಇದ್ದರು. ನಹುವಾ ಸಮುದಾಯದವರು, ನಾಟಿ ಔಷಧಿ ಕೊಡುವವರು. ಅವರ ಸಹಾಯಕರು ಸ್ಮಾರ್ಟ್‌ಫೋನೇ ಅಪರೂಪವಾದ ಊರುಗಳಲ್ಲಿ ತಿರುಗಿದರು. ಸಿಕ್ಕಿದ್ದು 3 ಲಕ್ಷದೊಳಗೆ, ಕಣಕ್ಕೆ ಇಳಿಯಲು ಆಗಲಿಲ್ಲ. ಆದರೆ ಅವರು ಕಳಿಸಿದ ಸಹಿಗಳಲ್ಲಿ 90%ಗಿಂತ ಜಾಸ್ತಿ ಅಸಲಿ ಅಂತ ಚುನಾವಣಾ ಸಂಸ್ಥೆ ಒಪ್ಪಿತು. ಎಲ್ಲರಿಗಿಂತ ಮೇಲಿನ ಲೆಕ್ಕ ಅದು. ಅವರ ಹಿಂದೆ ಪಕ್ಷ ಇಲ್ಲದಿದ್ದರೂ, ಮೂಲನಿವಾಸಿ ಸಮುದಾಯಗಳ ಒಂದು ರಾಷ್ಟ್ರೀಯ ಪರಿಷತ್ತು ಇಪ್ಪತ್ತು ವರ್ಷದಿಂದ ಕೆಲಸ ಮಾಡುತ್ತಿತ್ತು. ಅಡ್ಡದಾರಿ ಹಿಡಿಯಬೇಡಿ ಅನ್ನುವವರು ಅಲ್ಲಿ ಇದ್ದರು.

ಇನ್ನೊಬ್ಬ ಹಲಿಸ್ಕೋ ರಾಜ್ಯದ ಹುಡುಗ. 2015ರಲ್ಲಿ 25ನೇ ವಯಸ್ಸಿಗೆ ಪಕ್ಷೇತರನಾಗಿ ಶಾಸಕನಾದ. 2018ರಲ್ಲಿ ಸೆನೆಟ್‌ಗೆ ನಿಂತು ಸೋತ. ಆಮೇಲೆ ಏನು ಮಾಡಿದ ಗೊತ್ತಾ? ಗೆಳೆಯರ ಜೊತೆ ಸೇರಿ ರಾಜ್ಯ ಮಟ್ಟದ ಒಂದು ಪಕ್ಷವನ್ನೇ ಕಟ್ಟಿದ. ಆತನ ಬೆಂಬಲಿಗರಲ್ಲಿ ಕೆಲವರಿಗೆ ಬೇಸರ ಆಯಿತು. ನನಗೆ ಅದು ಸೋಲಿನಿಂದ ಸರಿಯಾದ ಪಾಠ ಕಲಿತ ಹಾಗೆ ಕಂಡಿತು. ಬೇಸರದ ಕೆಲಸಗಳನ್ನು ಮಾಡುವ ಜನರನ್ನು ಆತ ಹುಡುಕಿಕೊಂಡ, ಬಹಿರಂಗವಾಗಿ, ನಿಯಮದ ಒಳಗೆ.

ನಮ್ಮ ಗವರ್ನರ್‌ಗೆ ಅಂಥ ಒಂದು ಅವಕಾಶ 2015ರ ಕೊನೆಯಲ್ಲೇ ಇತ್ತು. ಅರ್ಧ ರಾಜ್ಯ ಮತ ಕೊಟ್ಟಿದೆ, ಊರೂರಲ್ಲಿ ಉತ್ಸಾಹಿಗಳು ಇದ್ದಾರೆ. ಅವರಿಗೆ ಒಂದು ರೂಪ ಕೊಡಬಹುದಿತ್ತು. ಪಕ್ಷ ಅನ್ನದಿದ್ದರೂ ವೇದಿಕೆ ಅನ್ನಬಹುದಿತ್ತು. ಅದರ ಬದಲು ಬೆಂಬಲವನ್ನೆಲ್ಲ ತನ್ನ ಫೋನಿನ ಪರದೆಯಲ್ಲೇ ಇಟ್ಟುಕೊಂಡ. ಲೈಕ್ ಒತ್ತುವವರು ಬಜೆಟ್ ಪಾಸು ಮಾಡಿಸಲ್ಲ, ಕಂಬಳಿ ಟೆಂಡರ್ ಓದಲ್ಲ. ಜೆರಾಕ್ಸ್ ಚೀಟಿ ಕಳಿಸಬೇಡ ಅಂತ ಕೈ ಹಿಡಿದು ನಿಲ್ಲಿಸಲ್ಲ. 2015 ಮತ್ತು 2017, ಈ ಎರಡು ಕಡೆಯೂ ಆತ ವೇಗದ ದಾರಿ ಹಿಡಿದ. ಮೊದಲ ಸಲ ಅದು ದಕ್ಕಿತು.

ಗೆಲುವಿನ ಇನ್ನೊಂದು ಬೆಲೆಯನ್ನು ಬೇರೆಯವರು ತೆತ್ತರು. 2015ರ ಫಲಿತಾಂಶ ನೋಡಿ ಹಳೇ ಪಕ್ಷಗಳಿಗೆ ಗಾಬರಿ ಆಯಿತು. ಚಿವಾವಾ, ಪುಎಬ್ಲಾದಂಥ ರಾಜ್ಯಗಳಲ್ಲಿ ಪಕ್ಷೇತರರಿಗೆ ಶರತ್ತುಗಳನ್ನು ಬಿಗಿ ಮಾಡುವ ಕಾನೂನು ಬಂದವು. ಪಕ್ಷ ಬಿಟ್ಟು ಇಷ್ಟು ಕಾಲ ಆಗಿರಬೇಕು, ಇಷ್ಟು ಬೇಗ ಅರ್ಜಿ ಹಾಕಬೇಕು ಅಂತೆಲ್ಲ. ಜನ ಆ ಕಾನೂನುಗಳನ್ನು ಈ ಗವರ್ನರ್‌ನ ಅಡ್ಡಹೆಸರಲ್ಲೇ ಕರೆದರು. ಅದಾದ ಮೇಲೆ ಯಾವ ರಾಜ್ಯದಲ್ಲೂ ಇನ್ನೊಬ್ಬ ಪಕ್ಷೇತರ ಗವರ್ನರ್ ಗೆದ್ದಿಲ್ಲ.

ಆತನ ಜಾಗಕ್ಕೆ 2021ರಲ್ಲಿ ಬಂದವನು ಒಬ್ಬ ಯುವಕ, ಸೋಶಿಯಲ್ ಮೀಡಿಯಾದಲ್ಲಿ ಭಾರಿ ಹೆಸರು. ಆದರೆ ಈತನ ಹಿಂದೆ ಒಂದು ಸಣ್ಣ ಪಕ್ಷ ಇತ್ತು. ವಿಧಾನಸಭೆಯಲ್ಲಿ ಪ್ರಿ ಮತ್ತು ಪಾನ್ ಜೊತೆ ಜಗಳ ಮಾತ್ರ ಹಾಗೇ ಮುಂದುವರಿಯಿತು. 2023ರ ಕೊನೆಯಲ್ಲಿ ಈತನೂ ಅಧ್ಯಕ್ಷ ಸ್ಥಾನಕ್ಕೆ ಅಂತ ರಜೆ ಹಾಕಿದ. 2018ರಲ್ಲಿ ಹಂಗಾಮಿ ಗವರ್ನರ್ ಆದವನು ರಜೆ ಹಾಕಿದವನ ಕಡೆಯವನೇ ಆಗಿದ್ದ. ಈ ಸಲ ವಿಧಾನಸಭೆ ತನಗೆ ಬೇಕಾದವನನ್ನು ಆರಿಸಿತು. ಯುವ ಗವರ್ನರ್ ಡಿಸೆಂಬರ್ ಮೊದಲ ವಾರದೊಳಗೆ ಅಧ್ಯಕ್ಷ ಸ್ಥಾನದ ಆಸೆ ಬಿಟ್ಟು ಮೊಂತೆರ್ರೇಗೆ ವಾಪಸ್ ಬಂದ.